ಒಡಪಿಗೆ ಸಾಲದ ಬಾವಿ

ಪ್ರೋಗ್ರಾಮ್ ಬರೆದಿಟ್ಟುಕೊಳ್ಳುವ ಕ್ಯಾಲ್ಕುಲೇಟರ್ ಕೈಗೆ ಬಂದ ವರ್ಷ ನನ್ನ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ಜಮಖಂಡಿಯಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಹಾಸ್ಟೆಲಿನ ಉಳಿದ ಹುಡುಗಿಯರ ಹತ್ತಿರ ಇದ್ದದ್ದು ಕೂಡಿಸಿ ಕಳೆಯುವ ಸಾದಾ ಯಂತ್ರ. ನನ್ನದು, ಅಪ್ಪ ಬೆಲ್ಲ ಮಾರಲು ಸಾಂಗಲಿಗೆ ಹೋದಾಗ ಅಂಗಡಿಯವನ ಮಾತು ಕೇಳಿ ತಂದದ್ದು. ತಾನು ಏನು ತಂದಿದ್ದೇನೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಒಮ್ಮೆ ಸೂತ್ರ ಬರೆದಿಟ್ಟರೆ ಸಾಕು, ಗುಂಡಿ ಒತ್ತಿದ ಕೂಡಲೇ ‘ಎತ್ತರ ಎಷ್ಟು’ ಎಂದು ಕೇಳುವಂತೆ ಪರದೆಯ ಮೇಲೆ ಒಂದು ಅಕ್ಷರವೂ ಒಂದು ಪ್ರಶ್ನೆಯ ಗುರುತೂ ಮೂಡುತ್ತಿದ್ದವು. ನಾನು ಎತ್ತರ ಹೇಳಿದರೆ ಅದು ಲೆಕ್ಕ ಹೇಳುತ್ತಿತ್ತು. ಯಂತ್ರ ನನ್ನನ್ನು ಪ್ರಶ್ನೆ ಕೇಳುವುದು, ನಾನು ಅದಕ್ಕೆ ಉತ್ತರ ಕೊಡುವುದು. ಆ ಸೊಕ್ಕು ಇಳಿಯಲು ಬಹಳ ದಿನ ಬೇಕಾಯಿತು.

ನಾನು ಬರೆದ ಮೊದಲ ಪ್ರೋಗ್ರಾಮ್ ಬೀಳುವುದರದ್ದು. ಎತ್ತರವನ್ನು ಇಮ್ಮಡಿ ಮಾಡಿ, ಒಂಬತ್ತು ಪಾಯಿಂಟ್ ಎಂಟರಿಂದ ಭಾಗಿಸಿ, ವರ್ಗಮೂಲ ತೆಗೆದರೆ, ಕೈಬಿಟ್ಟ ವಸ್ತು ನೆಲ ಮುಟ್ಟಲು ಎಷ್ಟು ಸೆಕೆಂಡು ಬೇಕೆಂದು ಬರುತ್ತದೆ. ಇಷ್ಟೇ. ಆದರೆ ಇಷ್ಟು ತಿಳಿದ ಮೇಲೆ ಜಮಖಂಡಿಯಲ್ಲಿ ಯಾವುದೂ ಸುಮ್ಮನೆ ಬೀಳುವ ಹಾಗಿರಲಿಲ್ಲ. ಹಾಸ್ಟೆಲಿನ ಮಾಳಿಗೆಯ ಮೇಲಿಂದ ಸಾಬೂನಿನ ಡಬ್ಬಿ ಬಿಟ್ಟೆ, ಪೇರಲ ಹಣ್ಣು ಬಿಟ್ಟೆ, ಗೆಳತಿಯ ಚಪ್ಪಲಿ ಬಿಟ್ಟೆ. ಕೈಗಡಿಯಾರದಲ್ಲಿ ಹೊತ್ತು ಹಿಡಿಯುವ ಗುಂಡಿ ಇತ್ತು. ಕ್ಯಾಲ್ಕುಲೇಟರ್ ಹೇಳಿದ್ದಕ್ಕೂ ಗಡಿಯಾರ ಹೇಳಿದ್ದಕ್ಕೂ ತಾಳೆಯಾದರೆ ಕುಣಿಯುತ್ತಿದ್ದೆ. ಚಪ್ಪಲಿ ವಾರ್ಡನ್ ಮೇಡಮ್ಮರ ಕಾಲ ಬಳಿಯೇ ಬಿದ್ದಾಗ ಅಡಗಿ ಕೂಡುವುದು ಬಿಟ್ಟು, ಲೆಕ್ಕ ಬರೋಬ್ಬರಿ ಬಂತೆಂದು ಮೇಲಿನಿಂದಲೇ ಕೂಗಿದೆ. ಆಮೇಲೆ ಮಾಳಿಗೆಗೆ ಬೀಗ ಬಿತ್ತು. ಅದು ಬೀಳಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಗೆಳತಿಯರು ವಾರಗಟ್ಟಲೆ ನನ್ನನ್ನು ಕಾಡಿದರು.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ನಮ್ಮೂರು ಹುನ್ನೂರು. ಪಂಚಮಿಗೆ ಮಾತ್ರ ಅವ್ವನ ತವರಿಗೆ, ಬೀಳಗಿ ತಾಲ್ಲೂಕಿನಲ್ಲಿ ಅನಗವಾಡಿಯ ಆಚೆಗಿದ್ದ ಒಂದು ಸಣ್ಣ ಊರಿಗೆ ಹೋಗುವುದು ನಮ್ಮ ರೂಢಿ. ‘ಇದ್ದ’ ಎಂದೆನಲ್ಲ, ಈಗ ಆ ಊರಿಲ್ಲ. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ಕಾಲ ಅದು. ಊರಿನ ಅರ್ಧ ಮನೆಗಳ ತೊಲೆ ಬಾಗಿಲು ಆಗಲೇ ಹೊಸ ಊರಿಗೆ ಹೋಗಿದ್ದವು. ಮಾಮಾ, ಅಂದರೆ ಅವ್ವನ ತಮ್ಮ, ಬೀರೇಶ್ವರನ ಗುಡಿಯಲ್ಲಿ ಒಂದು ಪಂಚಮಿ ಮಾಡಿಯೇ ಊರು ಬಿಡುವೆನೆಂದು ಹಟ ಹಿಡಿದಿದ್ದ. ಹಾಗಾಗಿ ಆ ವರ್ಷದ್ದು ಆ ಊರಿನ ಕೊನೆಯ ಪಂಚಮಿ. ಎಲ್ಲರೂ ಅಳುಮುಖ ಮಾಡಿಕೊಂಡಿರುತ್ತಾರೆಂದು ನಾನು ಹೆದರುತ್ತ ಹೋದರೆ, ಅಲ್ಲಿ ಜನಕ್ಕೆ ಹುಚ್ಚೇ ಹಿಡಿದಿತ್ತು. ಹೇಗಿದ್ದರೂ ಬಿಡುವ ಊರು, ಯಾರ ಹಂಗು ಎಂಬಂತೆ ಮುದುಕಿಯರೂ ಜೋಕಾಲಿ ಜೀಕುತ್ತಿದ್ದರು. ಲಿಂಬೆಹಣ್ಣು ಎಸೆಯುವ ಪಂದ್ಯ, ಕಣ್ಣು ಕಟ್ಟಿಕೊಂಡು ನಡೆಯುವ ಪಂದ್ಯ, ತೆಂಗಿನಕಾಯಿ ಒಡೆಯುವ ಪಂದ್ಯ. ಜೋಳದ ಅಳ್ಳು, ಶೇಂಗಾ ಉಂಡಿ ತಿಂದು ತಿಂದು ನನ್ನ ಕ್ಯಾಲ್ಕುಲೇಟರಿನ ಗುಂಡಿಗಳಿಗೆಲ್ಲ ಬೆಲ್ಲದ ಅಂಟು ಹತ್ತಿತ್ತು.

ಪಂಚಮಿ ಬಂದರೆ ಅವ್ವ ತನ್ನ ಬಾವಿಯ ಕತೆ ಹೇಳದೆ ಇರುತ್ತಿರಲಿಲ್ಲ. ಅವಳ ಹತ್ತಿರ ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು. ಸಾಲಿ ಕಲಿತವಳಲ್ಲ, ಹುನ್ನೂರು ಮತ್ತು ತವರು ಬಿಟ್ಟು ಬೇರೆ ಊರು ಕಂಡವಳಲ್ಲ. ಆದರೆ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು, ಹೊಲದ ಬಾವಿಗೆ ಹಾರುವುದರಲ್ಲಿ ಊರಿನ ಹುಡುಗರನ್ನೂ ಮೀರಿಸಿದವಳು. ಅಪ್ಪನ ಜೊತೆ ಮದುವೆ ನಿಶ್ಚಯವಾದ ವರ್ಷ, ಪಂಚಮಿಯ ದಿನ ಗೆಳತಿಯರೆಲ್ಲ ಬಾವಿಯ ದಂಡೆಯಲ್ಲಿ ಸುತ್ತುಗಟ್ಟಿ, ಗಂಡನಾಗುವವನ ಹೆಸರು ಹೇಳು, ಒಡಪು ಹಾಕಿ ಹೇಳು ಎಂದು ಬೆನ್ನು ಹತ್ತಿದರಂತೆ. ಗಂಡನ ಹೆಸರನ್ನು ಬರಿದೇ ಹೇಳಬಾರದು, ಹಾಡಿನಂಥ ಎರಡು ಸಾಲಿನೊಳಗೆ ಸೇರಿಸಿ ಹೇಳಬೇಕು, ಅದೇ ಒಡಪು. ನೆಲದ ಮೇಲೆ ನಿಂತು ಯಾರಾದರೂ ಹೇಳುತ್ತಾರೆ, ನಾನು ಗಾಳಿಯಲ್ಲಿ ಹೇಳುತ್ತೇನೆ ಎಂದು ಅವ್ವ ಕಲ್ಲಿನ ಮೇಲಿಂದ ಹಾರಿದಳಂತೆ. ಹಾರಿದ ಮೇಲೆ ಸುರು ಮಾಡಿ, ನೀರು ಮುಟ್ಟುವುದರೊಳಗೆ ಮುಗಿಸಿದಳಂತೆ.

‘ಹೊಳಿ ದಂಡ್ಯಾಗ ಬಿಳಿಜ್ವಾಳ, ಹೊಲದ ಬದುವಿಗಿ ತೊಗರಿ,
ಇಂಥವರ ಹೆಸರ ಹೇಳತೇನಿ, ಹಾದಿ ಬಿಟ್ಟ ಸರೀರಿ.’

ಇಂಥವರ ಎಂದು ನಾನು ಬರೆದ ಕಡೆ ಅಪ್ಪನ ಹೆಸರು. ಅವ್ವ ಕತೆ ಹೇಳುವಾಗಲೂ ಆ ಜಾಗ ಬಂದಾಗ ತಡೆದು, ಸೆರಗು ಬಾಯಿಗೆ ಒತ್ತಿಕೊಂಡು, ಒಳಗೊಳಗೇ ಹೆಸರು ನುಂಗಿ, ಮುಂದಕ್ಕೆ ಹೋಗುತ್ತಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ದವಾಖಾನೆಯಲ್ಲಿ ಚೀಟಿ ಬರೆಯುವವರು ಗಂಡನ ಹೆಸರು ಕೇಳಿದರೆ ನನ್ನ ಪಕ್ಕೆ ತಿವಿಯುತ್ತಿದ್ದಳು, ನಾನು ಹೇಳಬೇಕು. ಅಪ್ಪನನ್ನು ಕರೆಯುವಾಗ ‘ಕೇಳತೇತೇನ’ ಎನ್ನುವಳು, ಅಪ್ಪ ಅವಳನ್ನು ‘ಏ’ ಎನ್ನುವನು. ಇಬ್ಬರೂ ಒಬ್ಬರ ಹೆಸರನ್ನು ಒಬ್ಬರು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಮಾಮಾನಿಗೆ ಈ ಕತೆಯ ಮೇಲೆ ಸಿಟ್ಟು. ಅವ್ವ ಹಾರಿದ ದಿನ ಅವನು ಕುರಿ ಕಾಯಲು ಹೋಗಿದ್ದ, ಕಣ್ಣಾರೆ ಕಾಣಲಿಲ್ಲ. ನೋಡದವನು ಏನೂ ಮಾತಾಡಬಾರದು ಎಂದು ಅವ್ವ ಅವನ ಬಾಯಿ ಮುಚ್ಚಿಸುತ್ತಿದ್ದಳು. ನೋಡಿದ ಗೆಳತಿಯರೆಲ್ಲ ಮದುವೆಯಾಗಿ ದಿಕ್ಕಿಗೊಬ್ಬರು ಹೋಗಿದ್ದರು. ಉಳಿದವಳು ಆಯಿ, ಅವ್ವನ ಅವ್ವ. ಅವಳನ್ನು ಕೇಳಿದರೆ ಎಲೆ ಅಡಿಕೆ ಜಗಿಯುತ್ತ, ಆಗ ನಾನು ಬಟ್ಟೆ ಒಗೆಯುತ್ತಿದ್ದೆ ಎಂದಷ್ಟೇ ಹೇಳುತ್ತಿದ್ದಳು.

ಆ ಪಂಚಮಿಯ ಮರುದಿನ ನಾವೆಲ್ಲ ಹೊಲದ ಬಾವಿಗೆ ಹೋದೆವು. ಬಾವಿಯನ್ನು ಕಡೆಯ ಸಲ ನೋಡಬೇಕೆಂದು ಅವ್ವ ಹೊರಟಿದ್ದಳು. ಅವಳ ಹಿಂದೆ ಮಾಮಾ, ಅತ್ತೆ, ಆಯಿ, ನಾನು. ನಮ್ಮನ್ನು ಕರೆದೊಯ್ಯಲು ಅದೇ ಮುಂಜಾನೆ ಬಂದಿದ್ದ ಅಪ್ಪನೂ ಮಾತಿಲ್ಲದೆ ಹಿಂದೆ ಬಂದ. ಚೌಕಾಗಿ ಕಟ್ಟಿದ ದೊಡ್ಡ ಬಾವಿ, ಒಂದು ಬದಿ ಮೆಟ್ಟಿಲು. ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ನೀರು ಎತ್ತುತ್ತಿದ್ದ ಕಾಲದ ಕಲ್ಲಿನ ಕಟ್ಟೆ ಬಾವಿಯ ಮೇಲೆ ಚಾಚಿಕೊಂಡಿತ್ತು. ಅವ್ವ ಹಾರುತ್ತಿದ್ದದ್ದು ಅದರ ಮೇಲಿಂದ. ಹಿನ್ನೀರು ಹತ್ತಿರ ಬಂದು ಬಾವಿಯ ನೀರೂ ಏರಿಬಿಟ್ಟಿತ್ತು. ಅವ್ವ ಬಗ್ಗಿ ನೋಡಿ, ಇದೇನು ಬಾವಿಯೋ ಬಟ್ಟಲೋ ಎಂದು ಮುಖ ಕಿವುಚಿದಳು. ಆಮೇಲೆ ಕತೆ ಸುರುವಾಯಿತು. ಅಪ್ಪ ಇದ್ದದ್ದರಿಂದ ಹೆಸರಿನ ಜಾಗದಲ್ಲಿ ಸೆರಗು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಅಪ್ಪ ಬೇವಿನ ಗಿಡದ ಬುಡದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ, ತಲೆ ಎತ್ತಲಿಲ್ಲ.

ಮಾಮಾ ನನ್ನ ಕೈಯಲ್ಲಿದ್ದ ಕ್ಯಾಲ್ಕುಲೇಟರ್ ಕಡೆ ನೋಡಿದ. ಹಿಂದಿನ ದಿನವೆಲ್ಲ ನಾನು ಅದರ ಬಡಾಯಿ ಕೊಚ್ಚಿದ್ದೆ. ಜೋಕಾಲಿ ಹಗ್ಗ ಹರಿದರೆ ಎಷ್ಟು ಹೊತ್ತಿಗೆ ನೆಲ ಕಾಣುತ್ತೀರಿ ಎಂದು ಜೀಕುವ ಹೆಂಗಸರಿಗೆ ಹೇಳಿ ಬೈಸಿಕೊಂಡಿದ್ದೆ.

"ಅಕ್ಕಾ, ಇಷ್ಟ ವರ್ಷ ನೀ ಹೇಳಿದ್ದ ಕೇಳೇವಿ. ಈಗ ಈ ಮಶಿನ್ ಹೇಳಲಿ," ಎಂದ ಮಾಮಾ. "ಸುಳ್ಳಂತ ಬಂದ್ರ ಹೊಸ ಊರಾಗ ನೀ ಈ ಸುದ್ದಿ ತಗೀಬಾರದು."

"ಖರೆ ಅಂತ ಬಂದ್ರ?"

"ಖರೆ ಅಂತ ಬಂದ್ರ ಹೊಸ ಊರಾಗ ಮನಿ ಮನಿಗಿ ಹೋಗಿ ನಾನ ಹೇಳತೇನಿ."

ಅವ್ವ ಒಂದು ಕ್ಷಣವೂ ಯೋಚಿಸದೆ ಆಗಲಿ ಎಂದಳು. ನಾನಂತೂ ಹಿಗ್ಗಿ ಹೀರೇಕಾಯಿಯಾದೆ. ಅವ್ವನ ಕತೆಯನ್ನು ನಾನು ತೊಟ್ಟಿಲಿನಿಂದ ಕೇಳಿದವಳು. ಅದು ಸುಳ್ಳಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಯಂತ್ರ ಅವ್ವನನ್ನು ಗೆಲ್ಲಿಸುತ್ತದೆ, ಮಾಮಾ ಹೊಸ ಊರಿನ ಓಣಿ ಓಣಿಯಲ್ಲಿ ಅಕ್ಕನ ಗುಣಗಾನ ಮಾಡುತ್ತಾನೆ ಎಂದು ಕುಣಿದೆ.

ಯಂತ್ರ ಕೇಳುವುದು ಎತ್ತರವನ್ನು. ಅವ್ವ ಹಾರಿದ ದಿನ ಕಟ್ಟೆಯಿಂದ ನೀರು ಎಷ್ಟು ಕೆಳಗಿತ್ತು? ಶ್ರಾವಣದಲ್ಲಿ ಹಗ್ಗ ಆರು ಮಾರು ಬೇಕಾಗುತ್ತಿತ್ತು ಎಂದ ಮಾಮಾ. ಏಳು ಎಂದಳು ಅವ್ವ. ಮಾರು ಅಂದರೆ ಎರಡೂ ಕೈ ಅಗಲಿಸಿದಷ್ಟು ಉದ್ದ. ಆದರೆ ಯಾರ ಕೈ? ಹಗ್ಗ ಅಳೆಯುತ್ತಿದ್ದವನು ಅಜ್ಜ, ಅವನು ಹೋಗಿ ಬಹಳ ದಿನವಾಗಿತ್ತು. ಮಗನಿಗೆ ಅಪ್ಪನವೇ ಕೈ ಬಂದಿವೆ, ಇವನನ್ನೇ ಅಳೆಯಿರಿ ಎಂದು ಆಯಿ ತೀರ್ಪು ಕೊಟ್ಟಳು. ಅತ್ತೆ ಕುಬುಸ ಹೊಲಿಯುವವಳು, ಅಳತೆಯ ಟೇಪು ಅವಳ ಕೊರಳಲ್ಲೇ ಇರುತ್ತಿತ್ತು. ಮಾಮಾ ಜೋಳದ ಹೊಲದ ಬೆದರುಗೊಂಬೆಯಂತೆ ಕೈ ಚಾಚಿ ನಿಂತ. ಅಳೆಯಲು ಹೋದರೆ ಕಚಗುಳಿಯಾಗುತ್ತದೆಂದು ಕಿಸಿಕಿಸಿ ನಕ್ಕು ಮುದುಡುತ್ತಿದ್ದ. ಅತ್ತೆ ಬೈದು ನಿಲ್ಲಿಸಿ ಅಳೆದಳು. ಆರರಿಂದ ಗುಣಿಸಿ ಮೀಟರು ಮಾಡಿದರೆ ಹತ್ತಕ್ಕೆ ಸ್ವಲ್ಪ ಮೇಲೆ ಬಂತು.

ಅಂಟು ಹತ್ತಿದ ಗುಂಡಿ ಒತ್ತಿದೆ. ಯಂತ್ರ ಪ್ರಶ್ನೆ ಕೇಳಿತು, ಉತ್ತರ ಕೊಟ್ಟೆ. ಒಂದೂವರೆ ಸೆಕೆಂಡಿಗೆ ತುಸು ಕಡಿಮೆ.

ಅವ್ವನಿಗೆ ಒಡಪು ಹೇಳು ಎಂದೆ, ಆದಷ್ಟು ಬೇಗ. ಗಡಿಯಾರ ಹಿಡಿದೆ. ಅವ್ವ ಉಸಿರು ಕಟ್ಟಿ, ಹೆಸರಿನ ಜಾಗದಲ್ಲಿ ‘ಇಂಥವರ’ ಎಂದು ಹಾಕಿ, ಗಾಣದಿಂದ ಎತ್ತು ಬಿಚ್ಚಿದ ಹಾಗೆ ಓಡಿಸಿದಳು. ಐದು ಸೆಕೆಂಡು. ಇನ್ನೊಮ್ಮೆ ಎಂದೆ. ನಾಲಗೆ ತೊಡರಿ ಆರಾಯಿತು. ಅವ್ವ ಹೇಳಿದಂತೆ ಏಳು ಮಾರು ಹಾಕಿದೆ. ಒಂದೂವರೆಗೆ ತುಸು ಮೇಲೆ ಬಂತು. ಯಾರೂ ಕೇಳದಿದ್ದರೂ ಹತ್ತು ಮಾರು ಹಾಕಿ ನೋಡಿದೆ. ಎರಡು ಸೆಕೆಂಡು ಕೂಡ ದಾಟಲಿಲ್ಲ. ಆಳ ಎಷ್ಟು ಹೆಚ್ಚಿಸಿದರೂ ವರ್ಗಮೂಲವೆಂಬುದು ಜಿಪುಣನಂತೆ ಹೊತ್ತನ್ನು ಚೂರು ಚೂರೇ ಬಿಡುತ್ತಿತ್ತು. ಕಡೆಗೆ ಲೆಕ್ಕವನ್ನು ತಿರುಗಿಸಿ, ಐದು ಸೆಕೆಂಡು ಬೀಳಬೇಕಾದರೆ ಬಾವಿ ಎಷ್ಟು ಆಳ ಬೇಕೆಂದು ತೆಗೆದೆ. ಗೋಳಗುಮ್ಮಟದ ಮೇಲೆ ಇನ್ನೊಂದು ಗೋಳಗುಮ್ಮಟ ಹೇರಿದರೂ ಸಾಲದಷ್ಟು ಬಂತು.

ಅದನ್ನು ಬಾಯಿ ತಪ್ಪಿ ಹೇಳಿಬಿಟ್ಟೆ. ಮಾಮಾ ನೆಲಕ್ಕೆ ಕೂತು ತೊಡೆ ತಟ್ಟಿಕೊಂಡು ನಕ್ಕ. ಎರಡು ಗೋಳಗುಮ್ಮಟ ಅಕ್ಕಾ, ಎರಡು, ಎಂದು ಬೆರಳು ತೋರಿಸಿದ. ಅತ್ತೆಯೂ ನಕ್ಕಳು. ನಾನೂ ನಕ್ಕೆ, ತಡೆಯಲಾಗಲಿಲ್ಲ. ನಗುವಾಗಲೇ ಅವ್ವನ ಮುಖ ಕಂಡಿತು. ಅವಳು ಬಾವಿಯನ್ನೇ ನೋಡುತ್ತಿದ್ದಳು. ಬಾವಿ ಹೋಗುತ್ತದೆ, ಊರು ಹೋಗುತ್ತದೆ, ಕತೆಯಾದರೂ ತನ್ನ ಜೊತೆ ಬರುತ್ತದೆಂದು ನಂಬಿದ್ದಳು. ಅದನ್ನೂ ನಾನು ಕಸಿದುಕೊಂಡಿದ್ದೆ. ಯಂತ್ರವನ್ನು ನೀರಿಗೆ ಎಸೆಯಬೇಕೆನಿಸಿತು; ಅದು ಎಷ್ಟು ಹೊತ್ತಿಗೆ ಮುಳುಗುತ್ತದೆಂಬ ಲೆಕ್ಕವೂ ತಲೆಯಲ್ಲಿ ಹಾದುಹೋದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅವ್ವ ನನ್ನ ಹತ್ತಿರ ಬಂದಳು.

"ಒಂದೂವರಿ ಸೆಕೆಂಡ್ ಅಂದ್ರ ಎಷ್ಟಬೇ? ಮಾಡಿ ತೋರಸ."

ಗಡಿಯಾರ ನೋಡಿಕೊಂಡು ಒಂದು ಚಪ್ಪಾಳೆ ತಟ್ಟಿ, ಒಂದೂವರೆ ಸೆಕೆಂಡು ಬಿಟ್ಟು ಇನ್ನೊಂದು ತಟ್ಟಿದೆ. ಈ ಎರಡರ ನಡುವೆ ಇರುವಷ್ಟು ಎಂದೆ. ಮತ್ತೊಮ್ಮೆ ತಟ್ಟು ಎಂದಳು. ತಟ್ಟಿದೆ. ಎರಡು ಚಪ್ಪಾಳೆಗಳ ನಡುವೆ ಅವಳ ತುಟಿ ಅಲ್ಲಾಡಿದವು, ದನಿ ಬರಲಿಲ್ಲ. ಮೂರನೆಯ ಸಲ ತಟ್ಟಿಸಿದಳು. ಆಗಲೂ ಹಾಗೇ. ಆಮೇಲೆ ಅವಳ ಮುಖಕ್ಕೆ ರಕ್ತ ಏರಿತು. ಬೇವಿನ ಗಿಡದ ಕಡೆ ಒಮ್ಮೆ ನೋಡಿ ಥಟ್ಟನೆ ಕಣ್ಣು ತಿರುಗಿಸಿದಳು. ನಗುವನ್ನು ಹಲ್ಲಿನಲ್ಲಿ ಹಿಡಿದುಕೊಂಡಂತೆ ಕಂಡಿತು. ನಮ್ಮ ಮನೆಯಲ್ಲಿ ಆ ನಗುವನ್ನು ನಾನು ಕಂಡಿರಲಿಲ್ಲ.

ಸೀರೆಯನ್ನು ಕಚ್ಚೆ ಹಾಕತೊಡಗಿದಳು. ಏನು ಮಾಡುತ್ತಿದ್ದೀ ಎಂದು ಮಾಮಾ ಗಾಬರಿಯಾದ, ಈ ವಯಸ್ಸಿನಲ್ಲಿ ಬೇಡ ಎಂದ, ಸೋತದ್ದಕ್ಕೆ ಯಾರಾದರೂ ಬಾವಿ ಬೀಳುತ್ತಾರೇನು ಎಂದ. ಅವ್ವ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಆಯಿ ಮಾತ್ರ ಎಲೆ ಅಡಿಕೆ ಉಗುಳಿ ಬಂದು, ಹಾರಲಿ ಬಿಡೋ, ನೀರು ಮೇಲೆಯೇ ಇದೆ ಎಂದಳು. ಅದು ನಿಜ. ಈಗ ಮೂರು ಮಾರು ಕೂಡ ಇರಲಿಲ್ಲ. ನನ್ನ ಬೆರಳು ಸುಮ್ಮನಿರಬೇಕಲ್ಲ, ಅದನ್ನೂ ಒತ್ತಿ ನೋಡಿತು.

ಈ ಸಲ ಒಂದೇ ಸೆಕೆಂಡು, ಅಷ್ಟೂ ಇಲ್ಲ ಎಂದು ಅವ್ವನಿಗೆ ಹೇಳಿದೆ.

"ಸಾಕ," ಎಂದಳು ಅವ್ವ.

ಕಟ್ಟೆಯ ಮೇಲೆ ಹತ್ತಿ, ಕೈಬಳೆ ಹಿಂದಕ್ಕೆ ಸರಿಸಿ, ತುದಿಯಲ್ಲಿ ನಿಂತಳು. ಅಪ್ಪ ಶೇಂಗಾ ಸುಲಿಯುವುದು ನಿಲ್ಲಿಸಿದ. ನಾನು ಗಡಿಯಾರದ ಗುಂಡಿಯ ಮೇಲೆ ಬೆರಳಿಟ್ಟೆ. ಅವ್ವ ಓಡಲಿಲ್ಲ, ಜಿಗಿಯಲೂ ಇಲ್ಲ, ಕಟ್ಟೆಯಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟಳು. ಗಾಳಿಯಲ್ಲಿ ಇದ್ದಷ್ಟು ಹೊತ್ತು, ಹೊಳೆಯೂ ಇಲ್ಲದೆ ಜೋಳವೂ ಇಲ್ಲದೆ ತೊಗರಿಯೂ ಇಲ್ಲದೆ, ಬರೀ ಅಪ್ಪನ ಹೆಸರನ್ನು ಒದರಿದಳು. ಮೂರಕ್ಷರ. ಮುಂದೆ ‘ರಾಯರು’ ಇಲ್ಲ, ಹಿಂದೆ ‘ನಮ್ಮವರು’ ಇಲ್ಲ. ಕುರಿಗಾರರು ಗುಡ್ಡದಿಂದ ಗುಡ್ಡಕ್ಕೆ ಕರೆಯುವಷ್ಟು ಗಟ್ಟಿಯಾಗಿ. ಮೂರನೆಯ ಅಕ್ಷರಕ್ಕೂ ನೀರಿನ ಸದ್ದಿಗೂ ನಡುವೆ ಕೂದಲು ತೂರುವಷ್ಟೂ ಜಾಗವಿರಲಿಲ್ಲ. ಆಮೇಲೆ ಬಾವಿಯ ನಾಲ್ಕೂ ಗೋಡೆ ಆ ಹೆಸರನ್ನು ಒಂದಾದ ಮೇಲೊಂದು ಹೇಳಿದವು.

ಗಡಿಯಾರ ಓಡುತ್ತಲೇ ಇತ್ತು, ನಿಲ್ಲಿಸಲು ನನಗೆ ನೆನಪಾಗಲಿಲ್ಲ. ಅತ್ತೆ ಬಾಯಿಯ ಮೇಲೆ ಟೇಪು ಒತ್ತಿಕೊಂಡು ನಿಂತಿದ್ದಳು. ಮಾಮಾ ಆಯಿಯನ್ನು ನೋಡಿದ.

"ಆವತ್ತೂ ಹಿಂಗ ಒದರಿದ್ಲು," ಎಂದಳು ಆಯಿ, ತೀರ ಸಹಜವಾಗಿ. "ಒಡಪ ನಾ ಕಟ್ಟಿದ್ದು. ಲಗ್ನದ ಅಕ್ಕಿಕಾಳ ಬೀಳದ ಹುಡುಗಿ ಬರೇ ಹೆಸರ ಹಿಡದ ಒದರ್ಯಾಳ ಅಂದ್ರ ಬೀಗರು ಬಿಟ್ಟಾರೇನ? ಒಡಪ ಹೇಳಿದ್ಲು ಅಂತ ನಾನ ಊರ ತುಂಬ ಹೇಳಿದೆ."

ಅಂದರೆ ಯಂತ್ರ ಹೇಳಿದ್ದೂ ಖರೆ, ಅವ್ವ ಹಾರಿದ್ದೂ ಖರೆ. ಸುಳ್ಳು ಇದ್ದದ್ದು ಬಿಳಿಜೋಳ ಮತ್ತು ತೊಗರಿ ಮಾತ್ರ. ನಾನು ಅವ್ವನ ಮಗಳಾಗಿ ಹುಟ್ಟುವುದಕ್ಕೆ ಎಷ್ಟೋ ಮೊದಲು, ಮುಖವನ್ನೂ ಸರಿಯಾಗಿ ನೋಡಿರದ ಒಬ್ಬನ ಹೆಸರನ್ನು ಗಾಳಿಯಲ್ಲಿ ಒದರಿ, ಆ ಸಂತೋಷವನ್ನು ಎರಡು ಸಾಲಿನ ಒಡಪಿನ ಕೆಳಗೆ ಮುಚ್ಚಿಟ್ಟುಕೊಂಡು, ಪ್ರತಿ ಪಂಚಮಿಗೂ ಮುಚ್ಚಳವನ್ನಷ್ಟೇ ನಮಗೆ ತೋರಿಸುತ್ತ ಬಂದಿದ್ದಳು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಮಾಮಾನ ತೋಳು ಹಿಡಿದು ಅಲ್ಲೇ ಕುಣಿಯತೊಡಗಿದೆ. ಪಂದ್ಯದಲ್ಲಿ ಗೆದ್ದವರು ಯಾರು, ಹೊಸ ಊರಿನಲ್ಲಿ ಮನೆ ಮನೆಗೆ ಹೋಗಿ ಏನು ಹೇಳಬೇಕು ಎಂದು ಅವನು ಕೇಳುತ್ತಲೇ ಇದ್ದ, ಪಾಪ.

ಅವ್ವ ನೀರಿನಿಂದ ತಲೆ ಎತ್ತಿದಳು. ಮುಖಕ್ಕೆ ಅಂಟಿದ ಕೂದಲು ಸರಿಸಿ, ಕಣ್ಣು ಒರೆಸಿಕೊಂಡು, ಮೇಲೆ ನೋಡಿದಳು. ನಾವೆಲ್ಲ ದಂಡೆಯಲ್ಲಿ ಬಗ್ಗಿ ನಿಂತಿದ್ದೆವು. ಅವಳು ನಮ್ಮಲ್ಲಿ ಯಾರನ್ನೂ ನೋಡಲಿಲ್ಲ.

ಅಪ್ಪ ಬೇವಿನ ಗಿಡದ ಬುಡದಿಂದ ಎದ್ದು ಬಂದಿದ್ದ. ಧೋತರದ ಮೇಲಿನ ಶೇಂಗಾ ಸಿಪ್ಪೆ ಕೊಡವಿಕೊಂಡು, ಕಟ್ಟೆಯ ತುದಿಗೆ ಬಂದು, ಮೊಣಕಾಲ ಮೇಲೆ ಕೈಯೂರಿ ಬಾವಿಯೊಳಕ್ಕೆ ಬಗ್ಗಿದ. ಏನೋ ಬೈಯುತ್ತಾನೆಂದು ನಾನು ಅಂದುಕೊಂಡೆ. ಅಪ್ಪ ಗಂಟಲು ಸರಿ ಮಾಡಿಕೊಂಡು, ಯಾರಾದರೂ ಹೆಸರು ಹಿಡಿದು ಕರೆದರೆ ಅನ್ನುವ ಹಾಗೆ, "ಓ" ಎಂದ.

ಅವ್ವ ಮತ್ತೆ ನೀರಿನಲ್ಲಿ ಮುಳುಗಿದಳು.